ಬರಲಿರುವ ಕನ್ಸೋಲ್‌ನ ಗ್ರಾಫಿಕ್ಸ್ ಬಲದ ಬಗ್ಗೆ ಈಗಲೇ ಹರಡುತ್ತಿರುವ ಅಂಕಿಗಳನ್ನು ಅಳೆಯುವುದು ಹೇಗೆ?

ಕಲ್ಸಂಕವಾಸಿ, ಉಡುಪಿ (ಪ್ರಶ್ನೆ)

ಮಾನ್ಯ ಸದಸ್ಯರಿಗೆ ನಮಸ್ಕಾರ. ನಾನು ಉಡುಪಿಯ ಕಲ್ಸಂಕದ ಬಳಿ ಗಂಟೆ ಲೆಕ್ಕದಲ್ಲಿ ಗೇಮ್ ಆಡಲು ಕೊಡುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದೇನೆ. ನನ್ನಲ್ಲಿರುವ ನಾಲ್ಕು ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಯಂತ್ರಗಳಿಗೂ ವಯಸ್ಸಾಗಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎರಡನ್ನಾದರೂ ಬದಲಾಯಿಸಬೇಕೆಂದು ಪಿಎಸ್5ಕ್ಕಾಗಿ ಹಣ ಹೊಂದಿಸಿಟ್ಟಿದ್ದೇನೆ. ಆದರೆ ಮಣಿಪಾಲದಿಂದ ಬರುವ ವಿದ್ಯಾರ್ಥಿಗಳ ಬಾಯಲ್ಲಿ ಈಗ ಮುಂದಿನ ಪ್ಲೇಸ್ಟೇಷನ್ನಿನದೇ ಮಾತು. ಅದು ಈಗಿನದಕ್ಕಿಂತ ಮೂರು ಪಟ್ಟು ಬಲಶಾಲಿ ಎಂದು ಒಬ್ಬರು ಹೇಳಿದರೆ ಹತ್ತು ಪಟ್ಟು ಎಂದು ಇನ್ನೊಬ್ಬರು ವಾದಿಸುತ್ತಾರೆ, ಮತ್ತು ಇಬ್ಬರೂ ಯಾವುದೋ ಸೋರಿಕೆಯ ಚಿತ್ರವನ್ನು ಫೋನಿನಲ್ಲಿ ತೋರಿಸುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಸೋನಿ ಮತ್ತು ಚಿಪ್ ತಯಾರಕ ಎಎಮ್‌ಡಿ ಸೇರಿ ಹೊರತಂದ ವಿಡಿಯೊವನ್ನು ನಾನೂ ಎರಡು ಸಲ ನೋಡಿದೆ. ಅದರಲ್ಲಿ ಹೊಸ ತಂತ್ರಗಳ ಹೆಸರುಗಳು ಸಿಕ್ಕವೇ ಹೊರತು ಈ ಪಟ್ಟುಗಳ ಲೆಕ್ಕ ಎಲ್ಲಿಂದ ಬಂತೆಂದು ತಿಳಿಯಲಿಲ್ಲ.

ಪಿಯುಸಿ ಓದುತ್ತಿದ್ದಾಗ ಮಂಗಳೂರಿನ ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ ಕುಳಿತು, ಆಗ ಬರಲಿದ್ದ ಕನ್ಸೋಲ್ ಒಂದರ ಪ್ರಚಾರ ದೃಶ್ಯವನ್ನು ನೋಡಿ ಬೆರಗಾಗಿ, ಅದಕ್ಕಾಗಿ ಎರಡು ವರ್ಷ ಹಣ ಕೂಡಿಸಿದವನು ನಾನು. ಕೊಂಡ ಮೇಲೆ ಕಂಡ ಚಿತ್ರವೇ ಬೇರೆಯಾಗಿತ್ತು. ಆಗ ಹೋದದ್ದು ನನ್ನೊಬ್ಬನ ಹಣ, ಈಗ ಹೋಗುವುದು ಮನೆ ನಡೆಸುವ ಬಂಡವಾಳ. ಇಂಥ ಅಂಕಿಗಳನ್ನು ತೂಗಿ ನೋಡುವ ಕ್ರಮವನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಸುರತ್ಕಲ್ ಕಡಲತೀರ

ಕಲ್ಸಂಕದ ಮಿತ್ರರೇ, ಮೊದಲು, ಇಂಥ ಹೋಲಿಕೆಗಳಲ್ಲಿ ಬಳಸುವ ಟೆರಾಫ್ಲಾಪ್ಸ್ (ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು) ಎಂಬ ಅಂಕಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡೋಣ. ಅದನ್ನು ಯಾರೂ ಆಟವೊಂದನ್ನು ಓಡಿಸಿ ಅಳೆಯುವುದಿಲ್ಲ, ಕಾಗದದ ಮೇಲೆ ಗುಣಿಸಿ ಪಡೆಯುತ್ತಾರೆ. ಪಿಎಸ್5ರ ಗ್ರಾಫಿಕ್ಸ್ ಚಿಪ್‌ನಲ್ಲಿ 36 ಕಂಪ್ಯೂಟ್ ಯೂನಿಟ್‌ಗಳಿವೆ. ಪ್ರತಿಯೊಂದರಲ್ಲೂ ಲೆಕ್ಕ ಮಾಡುವ 64 ಘಟಕಗಳಿದ್ದು, ಪ್ರತಿ ಘಟಕವೂ ಕ್ಲಾಕಿನ ಒಂದು ಮಿಡಿತದಲ್ಲಿ ಒಂದು ಗುಣಾಕಾರವನ್ನೂ ಒಂದು ಸಂಕಲನವನ್ನೂ, ಅಂದರೆ 2 ಕ್ರಿಯೆಗಳನ್ನು ಮಾಡಬಲ್ಲದು. ಕ್ಲಾಕಿನ ಗರಿಷ್ಠ ವೇಗ 2.23 ಗಿಗಾಹರ್ಟ್ಸ್. ಈ ನಾಲ್ಕನ್ನೂ ಗುಣಿಸಿದಾಗ ಬರುವುದೇ 10.28 ಟೆರಾಫ್ಲಾಪ್ಸ್. ಎಲ್ಲ ಘಟಕಗಳೂ ಒಂದು ಮಿಡಿತವನ್ನೂ ಬಿಡದೆ ದುಡಿದರೆ ಮಾತ್ರ ಸಿಗುವ ಮೇಲ್ಮಿತಿ ಇದು, ಮತ್ತು ನಿಜವಾದ ಯಾವ ಆಟದಲ್ಲೂ ಘಟಕಗಳು ಹಾಗೆ ಬಿಡುವಿಲ್ಲದೆ ದುಡಿಯುವುದಿಲ್ಲ.

ನಿಮ್ಮ ಅಂಗಡಿಯಲ್ಲಿ ಕೇಳಿಬಂದ “ಮೂರು ಪಟ್ಟು” ಎಂಬ ಮಾತು ನನಗೆ 2024ನ್ನು ನೆನಪಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಪಿಎಸ್5ರ ಹೆಚ್ಚು ಬಲದ ಮಾದರಿಯಾದ ಪಿಎಸ್5 ಪ್ರೊ ಕುರಿತ ವಿವರಗಳು ಸೋರಿದಾಗ ಎಲ್ಲೆಡೆ ಹರಡಿದ ಅಂಕಿ 33.5 ಟೆರಾಫ್ಲಾಪ್ಸ್. ಪಿಎಸ್5ರ 10.28ಕ್ಕೆ ಹೋಲಿಸಿದರೆ ಅದು ಮೂರು ಪಟ್ಟಿಗಿಂತ ಹೆಚ್ಚು. ಯಂತ್ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಸೋನಿ ಕೊಟ್ಟ ಅಂಕಿ 16.7. ಸೋರಿಕೆ ಸುಳ್ಳಾಗಿರಲಿಲ್ಲ. ಹೊಸ ವಿನ್ಯಾಸದಲ್ಲಿ ಒಂದು ಘಟಕವು ಕೆಲವು ಸಂದರ್ಭಗಳಲ್ಲಿ ಎರಡು ಆದೇಶಗಳನ್ನು ಒಟ್ಟಿಗೆ ನಡೆಸಬಲ್ಲದೆಂಬ ಕಾರಣಕ್ಕೆ ಒಂದು ಲೆಕ್ಕ ಇಮ್ಮಡಿಯಾಗಿತ್ತು, ಇನ್ನೊಂದು ಹಾಗೆ ಎಣಿಸಿರಲಿಲ್ಲ. ಇನ್ನು ಆಟದ ಚಿತ್ರ ಮೂಡಿಸುವ ವೇಗ ಹಿಂದಿನದಕ್ಕಿಂತ ಎಷ್ಟು ಹೆಚ್ಚೆಂದು ಸೋನಿಯೇ ಹೇಳಿದ್ದು ಶೇ. 45ರವರೆಗೆ ಮಾತ್ರ. ಒಂದೇ ಯಂತ್ರವನ್ನು ಒಬ್ಬರು ಮೂರು ಪಟ್ಟಿಗಿಂತ ಮೇಲು ಎನ್ನಬಹುದು, ಒಬ್ಬರು 1.6 ಪಟ್ಟು ಎನ್ನಬಹುದು, ಇನ್ನೊಬ್ಬರು ಒಂದೂವರೆ ಪಟ್ಟಿಗೂ ಕಡಿಮೆ ಎನ್ನಬಹುದು, ಮತ್ತು ಮೂವರ ಲೆಕ್ಕವೂ ಅದರದರ ನಿಯಮದೊಳಗೆ ಸರಿಯಾಗಿಯೇ ಇರುತ್ತದೆ. ಆದುದರಿಂದ ಅಂಕಿ ಎಷ್ಟೆಂದು ಕೇಳುವ ಮೊದಲು ಅದನ್ನು ಎಣಿಸಿದ ಬಗೆ ಯಾವುದೆಂದು ಕೇಳಬೇಕು.

ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳನ್ನು ಓಡಿಸಿಕೊಂಡು 142.5 ಮೀಟರ್ ಉದ್ದದ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿ 9.55 ಸೆಕೆಂಡು ಎಂಬ ಅಂಕಿಯನ್ನು ಉಸೇನ್ ಬೋಲ್ಟ್ ಅವರ 100 ಮೀಟರ್ ವಿಶ್ವದಾಖಲೆಯಾದ 9.58ರ ಪಕ್ಕದಲ್ಲಿ ದೇಶವೆಲ್ಲ ಇಟ್ಟು ನೋಡಿತು. 13.62 ಕರೆಯಲ್ಲಿ ಅಳೆದದ್ದು, 9.55 ಮೇಜಿನ ಮೇಲೆ ಭಾಗಿಸಿದ್ದು. ಕೆಸರಿನಲ್ಲಿ ಕೋಣಗಳ ವೇಗಕ್ಕೆ ಹೆಜ್ಜೆ ಹೊಂದಿಸಿ ಓಡುವುದು ಒಂದು ವಿದ್ಯೆ, ನಿಂತಲ್ಲಿಂದ ಒಬ್ಬರೇ ಟ್ರ್ಯಾಕಿನ ಮೇಲೆ ಚಿಮ್ಮುವುದು ಇನ್ನೊಂದು. ಆ ಹೋಲಿಕೆ ನಿಲ್ಲುವುದಿಲ್ಲ ಎಂದರೆ ಗೌಡರ ಓಟದ ಹಿರಿಮೆ ಕೂದಲಷ್ಟೂ ತಗ್ಗುವುದಿಲ್ಲ. ಬೇರೆ ಬೇರೆ ವಿನ್ಯಾಸದ ಎರಡು ಚಿಪ್‌ಗಳ ಟೆರಾಫ್ಲಾಪ್ಸ್‌ಗಳನ್ನು ಪಕ್ಕಪಕ್ಕ ಇಡುವವರಿಗೂ ನಾನು ಹೇಳುವುದು ಇದನ್ನೇ.

ಕೊಡಿಯಾಲ್‌ಬೈಲ್, ಮಂಗಳೂರು

ಗೇಮ್‌ಗಳ ಗ್ರಾಫಿಕ್ಸ್ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಪ್ರೋಗ್ರಾಮಿಂಗ್ ಮಾಡುತ್ತಿರುವವಳಾಗಿ ಸುರತ್ಕಲ್‌ನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ, ಒಂದು ಕಡೆ ಭಿನ್ನಾಭಿಪ್ರಾಯವನ್ನೂ ಹೇಳುತ್ತೇನೆ.

ಬಿಡುಗಡೆಗೆ ಮುಂಚಿನ ಅಂಕಿಗಳು ಹೇಗಿರುತ್ತವೆ ಎಂಬುದಕ್ಕೆ ಹಳೆಯ ದಾಖಲೆಗಳೇ ಸಾಕ್ಷಿ. 1999ರ ಮಾರ್ಚ್‌ನಲ್ಲಿ ಸೋನಿ ಪಿಎಸ್2ರ ವಿವರ ಪ್ರಕಟಿಸಿದಾಗ ಸೆಕೆಂಡಿಗೆ 6.6 ಕೋಟಿ ಪಾಲಿಗಾನ್ (ದೃಶ್ಯವನ್ನು ಕಟ್ಟುವ ಸಣ್ಣ ಬಹುಭುಜಗಳು) ಎಂಬ ಅಂಕಿ ಸುದ್ದಿಯಾಯಿತು. ಅದೇ ಪ್ರಕಟಣೆಯಲ್ಲಿ ಬೆಳಕು ಮತ್ತು ಮಂಜಿನ ಪರಿಣಾಮ ಸೇರಿಸಿದರೆ 3.6 ಕೋಟಿ, ಬಾಗಿದ ಮೇಲ್ಮೈಗಳನ್ನು ರಚಿಸಿದರೆ 1.6 ಕೋಟಿ ಎಂದೂ ಇತ್ತು. ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯದು ಮಾತ್ರ. ಮರುವರ್ಷ ನಿಂಟೆಂಡೊ ತನ್ನ ಗೇಮ್‌ಕ್ಯೂಬ್ ಬಗ್ಗೆ, ನಿಜವಾದ ಆಟದ ಸನ್ನಿವೇಶದಲ್ಲಿ ಸೆಕೆಂಡಿಗೆ 60 ಲಕ್ಷದಿಂದ 1.2 ಕೋಟಿ ಎಂದಷ್ಟೇ ಹೇಳಿತು. ಕಾಗದದಲ್ಲಿ ಗೇಮ್‌ಕ್ಯೂಬ್ ಬಹಳ ಹಿಂದೆ ಬಿದ್ದಂತೆ ಕಂಡಿತು, ಪರದೆಯ ಮೇಲೆ ಹಾಗೆ ಕಾಣಲಿಲ್ಲ. ಆ ಪೀಳಿಗೆಯಲ್ಲಿ ಪ್ರಾಮಾಣಿಕವಾದ ಅಂಕಿ ಕೊಟ್ಟದ್ದು ನಿಂಟೆಂಡೊ ಎಂದು ನಾನು ಈಗಲೂ ಗೌರವದಿಂದ ಹೇಳುತ್ತೇನೆ.

ಆದರೆ ಗೇಮ್‌ಕ್ಯೂಬ್‌ನ ಗ್ರಾಫಿಕ್ಸ್ ಚಿಪ್ಪಿನ ಕ್ಲಾಕ್ ಕೂಡ ಪ್ರಕಟಣೆಯಲ್ಲಿದ್ದ 202.5 ಮೆಗಾಹರ್ಟ್ಸ್‌ನಿಂದ 162ಕ್ಕೆ ಇಳಿಯಿತು. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ 300 ಎಂದದ್ದು ಕೊನೆಗೆ 233 ಆಯಿತು, ಪಿಎಸ್3ರಲ್ಲಿ 550 ಎಂದದ್ದು 500 ಆಯಿತು. 2013ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಮಾತ್ರ ಬಿಡುಗಡೆಗೆ ಮುಂಚೆ 800ನ್ನು 853ಕ್ಕೆ ಏರಿಸಿದರು. ಕಾರ್ಖಾನೆಯಲ್ಲಿ ಚಿಪ್‌ಗಳು ಸಾಲಾಗಿ ಹೊರಬರತೊಡಗಿದ ಮೇಲೆಯೇ ಎಷ್ಟು ಚಿಪ್‌ಗಳು ಯಾವ ವೇಗವನ್ನು ಯಾವ ಬಿಸಿಯಲ್ಲಿ ತಾಳಿಕೊಳ್ಳುತ್ತವೆ ಎಂಬುದು ನಿಶ್ಚಯವಾಗುವುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರೆ ಅಳತೆ ಹೊಂದದಿರುವುದು ಸಹಜವೇ.

ಇಷ್ಟಾದರೂ ಟೆರಾಫ್ಲಾಪ್ಸ್ ಅರ್ಥಹೀನವೆಂಬ ತೀರ್ಮಾನಕ್ಕೆ ನಾನು ಒಪ್ಪುವುದಿಲ್ಲ. ಒಂದೇ ಕಾಲದ, ಒಂದೇ ತಯಾರಕರ, ಒಂದೇ ಬಗೆಯ ವಿನ್ಯಾಸಗಳ ನಡುವೆ ಅದು ಒಳ್ಳೆಯ ಸುಳಿವನ್ನೇ ಕೊಡುತ್ತದೆ. 2013ರಲ್ಲಿ ಪಿಎಸ್4ಕ್ಕೆ 1.84, ಎಕ್ಸ್‌ಬಾಕ್ಸ್ ಒನ್‌ಗೆ 1.31 ಎಂಬ ಅಂತರವಿತ್ತು. ಎರಡೂ ಎಎಮ್‌ಡಿಯ ಒಂದೇ ವಿನ್ಯಾಸದ ಕುಟುಂಬಕ್ಕೆ ಸೇರಿದ್ದವು, ಮತ್ತು ಆ ಅಂತರ ಆಟಗಳಲ್ಲಿ ಕಂಡೇ ಕಂಡಿತು: ಕಾಲ್ ಆಫ್ ಡ್ಯೂಟಿ ಘೋಸ್ಟ್ಸ್ ಆಟ ಪಿಎಸ್4ರಲ್ಲಿ 1080ಪಿ (ಚಿತ್ರದಲ್ಲಿ 1080 ಅಡ್ಡಸಾಲುಗಳು), ಎಕ್ಸ್‌ಬಾಕ್ಸ್ ಒನ್‌ನಲ್ಲಿ 720ಪಿ. ಅಲ್ಲಿಯೂ ಕಾರಣ ಟೆರಾಫ್ಲಾಪ್ಸ್ ಒಂದೇ ಆಗಿರಲಿಲ್ಲ. ಪಿಎಸ್4ರ ಮೆಮೊರಿ ಸೆಕೆಂಡಿಗೆ 176 ಗಿಗಾಬೈಟ್ ಸಾಗಿಸುತ್ತಿತ್ತು, ಎಕ್ಸ್‌ಬಾಕ್ಸ್ ಒನ್‌ನ ಮುಖ್ಯ ಮೆಮೊರಿ ಸುಮಾರು 68 ಮಾತ್ರ, ಮತ್ತು ಆ ಕೊರತೆಯನ್ನು ತುಂಬಲು ಇಟ್ಟ ವೇಗದ ಮೆಮೊರಿ ಕೇವಲ 32 ಮೆಗಾಬೈಟ್. ಸೋರಿಕೆಯೊಂದು ನಮ್ಮ ಕಣ್ಣಿಗೆ ಬಿದ್ದಾಗ ನನ್ನ ಜೊತೆ ಕೆಲಸ ಮಾಡುವವರು ಮೊದಲು ಹುಡುಕುವುದು ಮೆಮೊರಿಯ ಈ ಸಾಲನ್ನೇ. ಲೆಕ್ಕದ ಘಟಕಗಳನ್ನು ಇಮ್ಮಡಿ ಮಾಡಿ ಮೆಮೊರಿಯನ್ನು ಇದ್ದಷ್ಟೇ ಇಟ್ಟರೆ ಅರ್ಧ ಘಟಕಗಳು ದತ್ತಾಂಶಕ್ಕಾಗಿ ಕಾಯುತ್ತಾ ಕೂರುತ್ತವೆ.

ಕಲ್ಸಂಕವಾಸಿ, ಉಡುಪಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಕಂಬಳದ ಮಾತನ್ನು ಇವತ್ತೇ ಹುಡುಗರಿಗೆ ಹೇಳಿದೆ, ಅವರಿಗೂ ಹಿಡಿಸಿತು. ಇನ್ನೆರಡು ಸಂದೇಹಗಳಿವೆ. ಈಗಿನ ಮಾತೆಲ್ಲ ಎಐ ಬಳಸಿ ಸಣ್ಣ ಚಿತ್ರವನ್ನು ದೊಡ್ಡದಾಗಿಸುವುದರ ಸುತ್ತ ಇದೆ. “ಹತ್ತು ಪಟ್ಟು” ಎಂಬುದು ಅಲ್ಲಿಂದ ಬಂದಿರಬಹುದೇ? ಎರಡನೆಯದಾಗಿ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆ ನಿಮಗೆ ಗೊತ್ತೇ ಇದೆ. ತಂಪು ದೇಶಗಳಲ್ಲಿ ಅಳೆದ ಬಲ ಕಲ್ಸಂಕದ ಅಂಗಡಿಯಲ್ಲಿಯೂ ಸಿಗುತ್ತದೆಯೇ?

ಸುರತ್ಕಲ್ ಕಡಲತೀರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಪಿಎಸ್5ರ ಕ್ಲಾಕ್ ಕೋಣೆಯ ಬಿಸಿಗೆ ತಕ್ಕಂತೆ ಏರಿಳಿಯುವುದಿಲ್ಲ, ಚಿಪ್ ಮಾಡುತ್ತಿರುವ ಕೆಲಸದ ಹೊರೆಗೆ ತಕ್ಕಂತೆ ಏರಿಳಿಯುತ್ತದೆ. 2020ರ ಮಾರ್ಚ್ 18ರ ಭಾಷಣದಲ್ಲಿ ಅದರ ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸರ್ನಿ ಇದನ್ನು ವಿವರವಾಗಿ ತಿಳಿಸಿದ್ದಾರೆ. ಒಂದೇ ಆಟದ ಒಂದೇ ದೃಶ್ಯ ಎಲ್ಲ ಯಂತ್ರಗಳಲ್ಲೂ ಒಂದೇ ವೇಗದಲ್ಲಿ ಓಡಬೇಕೆಂಬುದೇ ಅದರ ಉದ್ದೇಶ. ಆದ್ದರಿಂದ ಸೆಕೆಯಿಂದ ಬಲ ಕುಗ್ಗುವುದಿಲ್ಲ, ಫ್ಯಾನಿನ ಸದ್ದು ಹೆಚ್ಚುತ್ತದೆ. ಗಾಳಿ ಹೋಗುವ ದಾರಿ ಧೂಳಿನಿಂದ ಕಟ್ಟಿಕೊಂಡರೆ ಮಾತ್ರ ಯಂತ್ರ ಬಿಸಿಯಾಗಿ ಎಚ್ಚರಿಕೆ ತೋರಿಸಿ ನಿಂತುಬಿಡಬಹುದು. ಗೋಡೆಗೆ ಒತ್ತಿ ಇಡದೆ, ತಿಂಗಳಿಗೊಮ್ಮೆ ಧೂಳು ತೆಗೆಯಿಸಿರಿ.

ಎಐ ವಿಚಾರ ಇನ್ನೂ ಸೂಕ್ಷ್ಮವಾದದ್ದು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದರೆ 1080ಪಿಯಲ್ಲಿ ಸುಮಾರು 20.7 ಲಕ್ಷ. ಆಟವನ್ನು 1080ಪಿಯಲ್ಲಿ ಮೂಡಿಸಿ 4ಕೆಗೆ ಹಿಗ್ಗಿಸಿದರೆ ನಾಲ್ಕರಲ್ಲಿ ಮೂರು ಪಾಲು ಪಿಕ್ಸೆಲ್‌ಗಳು ಊಹೆಯಿಂದ ತುಂಬಿದವು. ಊಹೆ ಚೆನ್ನಾಗಿದ್ದರೆ ಕಣ್ಣಿಗೆ ಅದು ಸಂತೋಷವನ್ನೇ ಕೊಡುತ್ತದೆ, ನಾನದನ್ನು ಮೋಸ ಎನ್ನುವುದಿಲ್ಲ. ಆದರೆ ಆ ಲಾಭವನ್ನು ಚಿಪ್ಪಿನ ಬಲದೊಂದಿಗೆ ಕೂಡಿಸಿ ಒಂದೇ ಅಂಕಿಯಾಗಿ ಹೇಳಿದಾಗ ಹೋಲಿಕೆ ಕೆಡುತ್ತದೆ. 2025ರಲ್ಲಿ ನಿಂಟೆಂಡೊದ ಹೊಸ ಕನ್ಸೋಲ್ ಸ್ವಿಚ್ 2 ಬರುವ ಮುನ್ನ ಹಿಂದಿನ ಸ್ವಿಚ್‌ಗಿಂತ ಹತ್ತು ಪಟ್ಟು ಗ್ರಾಫಿಕ್ಸ್ ಬಲ ಎಂದು ಅದರ ಚಿಪ್ ತಯಾರಕ ಎನ್‌ವಿಡಿಯಾ ಹೇಳಿತು. ಟಿವಿಗೆ ಜೋಡಿಸಿದಾಗ ಹಳೆಯದರಲ್ಲಿ 256 ಘಟಕಗಳು 768 ಮೆಗಾಹರ್ಟ್ಸ್‌ನಲ್ಲಿ, ಹೊಸದರಲ್ಲಿ 1536 ಘಟಕಗಳು 1007 ಮೆಗಾಹರ್ಟ್ಸ್‌ನಲ್ಲಿ ದುಡಿಯುತ್ತವೆ. ಗುಣಿಸಿ ನೋಡಿದರೆ ಸುಮಾರು ಎಂಟು ಪಟ್ಟು. ಉಳಿದದ್ದು ಈ ಗುಣಾಕಾರದ ಹೊರಗಿನದು.

ನೀವು ನೋಡಿದ ಸೋನಿ ಮತ್ತು ಎಎಮ್‌ಡಿಯ ವಿಡಿಯೊವನ್ನು ಇನ್ನೊಮ್ಮೆ ಕೊನೆಯವರೆಗೆ ಕೇಳಿ. ಆ ತಂತ್ರಗಳು ಸದ್ಯಕ್ಕೆ ಸಿಮ್ಯುಲೇಷನ್ನಿನಲ್ಲಿ (ಕಂಪ್ಯೂಟರಿನೊಳಗಿನ ಅನುಕರಣೆಯಲ್ಲಿ) ಮಾತ್ರ ಇವೆ ಎಂದೂ, ಅವು ಕೆಲವು ವರ್ಷಗಳ ನಂತರದ ಕನ್ಸೋಲ್‌ಗಾಗಿ ಎಂದೂ ಸರ್ನಿಯವರೇ ಹೇಳಿದ್ದಾರೆ. ತಯಾರಕರೇ ಇನ್ನೂ ಸಿಮ್ಯುಲೇಷನ್ ಎನ್ನುವಾಗ ದಶಮಾಂಶದವರೆಗೆ ಅಂಕಿ ಹೇಳುವವರ ಬಳಿ ಇರುವುದು ಹೆಚ್ಚೆಂದರೆ ಯೋಜನೆಯ ಒಂದು ಹಂತದ ಕಾಗದ.

ಕೊಡಿಯಾಲ್‌ಬೈಲ್, ಮಂಗಳೂರು

ಸೆಕೆಂಡಿಗೆ 60 ಚಿತ್ರಗಳಾದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು. ನಿಮ್ಮಲ್ಲಿಗೆ ಬರುವವರು ಹೆಚ್ಚಾಗಿ ಫುಟ್‌ಬಾಲ್ ಮತ್ತು ಕಾದಾಟದ ಆಟಗಳನ್ನು ಆಡುವವರಾದರೆ ಅವರಿಗೆ ಬೇಕಾದುದು ಈ 16.7ರೊಳಗೆ ತಪ್ಪದೆ ಬರುವ ಚಿತ್ರ, ಮತ್ತು ಅದನ್ನು ಪಿಎಸ್5 ಈಗಾಗಲೇ ಕೊಡುತ್ತಿದೆ. ಒಂದು ಮಾತು ಕೇಳುತ್ತೇನೆ: ನಿಮ್ಮ ಅಂಗಡಿಯ ಟಿವಿಗಳು ಯಾವುವು?

ಕಲ್ಸಂಕವಾಸಿ, ಉಡುಪಿ

ನಾಲ್ಕೂ 1080ಪಿ, 60 ಹರ್ಟ್ಸ್‌ನವು (ಸೆಕೆಂಡಿಗೆ 60 ಚಿತ್ರ ತೋರಿಸುವಂಥವು), ಆರು ವರ್ಷ ಹಳೆಯವು. ನೀವು ಕೇಳುವವರೆಗೆ ಆ ಕಡೆ ನನ್ನ ಗಮನವೇ ಹೋಗಿರಲಿಲ್ಲ. ಬರಲಿರುವ ಯಂತ್ರ ಎಷ್ಟೇ ಬಲದ್ದಾದರೂ ಈ ಪರದೆಗಳಲ್ಲಿ ಅದರ ಬಹುಪಾಲು ಕಾಣುವುದಿಲ್ಲ. ಹಾಗಾಗಿ ಎರಡು ಪಿಎಸ್5ರ ಬದಲು ಒಂದನ್ನು ಮಾತ್ರ ಕೊಂಡು, ಉಳಿದ ಹಣದಲ್ಲಿ 120 ಹರ್ಟ್ಸ್‌ನ ಒಂದು 4ಕೆ ಟಿವಿ ತರುತ್ತೇನೆ. ಹಳೆಯ ಪಿಎಸ್4 ಡಿಸ್ಕ್‌ಗಳು ಮತ್ತು ಕಂಟ್ರೋಲರ್‌ಗಳು ಅದರಲ್ಲಿ ನಡೆಯುತ್ತವೆಯೇ ಎಂಬುದೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕೊಡಿಯಾಲ್‌ಬೈಲ್, ಮಂಗಳೂರು

ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ಕೊಳ್ಳಿ, ಪಿಎಸ್4ರ ಬಹುತೇಕ ಎಲ್ಲ ಆಟಗಳೂ ನಡೆಯುತ್ತವೆ. ಹಳೆಯ ಕಂಟ್ರೋಲರ್‌ಗಳನ್ನು ಆ ಹಳೆಯ ಆಟಗಳಿಗೆ ಬಳಸಬಹುದು, ಪಿಎಸ್5ರ ಆಟಗಳಿಗೆ ಮಾತ್ರ ಹೊಸ ಕಂಟ್ರೋಲರ್ ಬೇಕು. ಟಿವಿ ಕೊಳ್ಳುವಾಗ ಎಚ್‌ಡಿಎಮ್‌ಐ 2.1 ಪೋರ್ಟ್ ಇದೆಯೇ ಎಂದು ಅಂಗಡಿಯಲ್ಲೇ ಹಿಂಬದಿ ತಿರುಗಿಸಿ ನೋಡಿ, ಮತ್ತು ಅದರಲ್ಲಿ 4ಕೆ 120 ಹರ್ಟ್ಸ್ ಬರುತ್ತದೆಯೇ ಎಂದು ಕೈಪಿಡಿಯಲ್ಲಿ ಓದಿಕೊಳ್ಳಿ.