ಹಣೆಯ ಸೈನಸ್‌ನಲ್ಲಿ ಆಸ್ಟಿಯೋಮಾ: ಮೂಗಿನೊಳಗಿಂದಲೋ, ನೆತ್ತಿ ಕೊಯ್ದೋ?

ತೀರ್ಥಹಳ್ಳಿ_ಭಟ್ಟ
ಭಾವನಿಗೆ 34. ಸಿ.ಟಿ.ಯಲ್ಲಿ ಎಡ ಫ್ರಂಟಲ್ ಸೈನಸ್‌ನಲ್ಲಿ (ಹಣೆಮೂಳೆಯೊಳಗಿನ ಗಾಳಿಗೂಡು) 18×14 ಮಿ.ಮೀ. ಮೂಳೆಗಡ್ಡೆ (ಆಸ್ಟಿಯೋಮಾ), ಸೈನಸ್ಸಿನ ಬಾಯಿ ಮುಚ್ಚಿದೆ ಅಂತ ಬಂದಿದೆ. ಒಬ್ಬ ಡಾಕ್ಟ್ರು ಮೂಗಿನೊಳಗಿಂದ ದುರ್ಬೀನಿನಲ್ಲೇ ಆಗುತ್ತೆ ಅಂದ್ರು, ಇನ್ನೊಬ್ಬರು ನೆತ್ತಿ ಕೊಯ್ಯಬೇಕು ಅಂದ್ರು. ಯಾಕೆ ಹೀಗೆ? ಅಡಿಕೆ ಕೊಯ್ಲು ಮುಗಿಯೋವರೆಗೆ ತಡೀಬಹುದಾ?

ಸ್ಕ್ಯಾನ್_ಶಿವಮೊಗ್ಗ
ಇದು ಕ್ಯಾನ್ಸರ್ ಅಲ್ಲ. ಬೆಳೆಯೋದು ವರ್ಷಕ್ಕೆ ಸರಾಸರಿ ಒಂದೂವರೆ ಮಿ.ಮೀ. ಆಸುಪಾಸು, ಕೊಯ್ಲಿನ ಎರಡು ತಿಂಗಳಲ್ಲಿ ಗಡ್ಡೆ ಎಲ್ಲಿಗೂ ಓಡಲ್ಲ. ಹೆದರಬೇಕಾದ್ದು ಮುಚ್ಚಿದ ಬಾಯಿಗೆ: ಒಳಗೆ ಲೋಳೆ ನಿಂತು ಕೀವಾಗಬಹುದು. ರೆಪ್ಪೆ ಊದಿದ್ರೆ, ಒಂದು ವಸ್ತು ಎರಡಾಗಿ ಕಂಡ್ರೆ, ಜ್ವರದ ಜೊತೆ ತಲೆನೋವು ಏರಿದ್ರೆ ಅವತ್ತೇ ಆಸ್ಪತ್ರೆ.

ಫಿಲ್ಮ್ ಸಾಲದು, ಸಿ.ಡಿ. ಒಯ್ಯಿರಿ. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್ ಇರಲಿ, ಪಕ್ಕದಿಂದ ನೋಡಿದ ಚಿತ್ರವೂ ಬೇಕು. ಗಡ್ಡೆ ಯಾವ ಗೋಡೆಗೆ ಅಂಟಿದೆ, ಕಣ್ಣಗುಡ್ಡೆಯ ನಡುಗೆರೆಯಿಂದ ಆಚೆ ಹೋಗಿದೆಯಾ, ಸೈನಸ್ ಹಿಂದೆ-ಮುಂದೆ 10 ಮಿ.ಮೀ. ಆದ್ರೂ ಇದೆಯಾ? ಇಬ್ಬರ ಅಭಿಪ್ರಾಯ ಬೇರೆಯಾಗೋದು ಸಾಮಾನ್ಯವಾಗಿ ಇಲ್ಲೇ. ಆಚೆ ಮೂಲೆಯದ್ದಕ್ಕೆ, ಮುಂದಿನ ಗೋಡೆಗೆ ಅಂಟಿದ್ದಕ್ಕೆ ಮೂಗಿನಿಂದ ಡ್ರಿಲ್ ಎಟಕೋದು ಕಷ್ಟ.

ಇಎನ್‌ಟಿ_ಸಾಗರ
ಮೂಗಿನಿಂದ ಮಾಡೋದಾದ್ರೆ ಡ್ರಾಫ್ 2ಬಿ ಅನ್ನೋ ಆಪರೇಷನ್, ಅಂದ್ರೆ ಒಂದು ಕಡೆಯ ಸೈನಸ್ಸಿನ ತಳ ತೆಗೆಯೋದು. ಜಾಗ ಸಾಲದಿದ್ರೆ ಡ್ರಾಫ್ 3: ಎರಡೂ ಕಡೆಯ ತಳ ತೆಗೆದು ಒಂದೇ ಬಾಯಿ ಮಾಡೋದು. ಗಡ್ಡೆಯನ್ನು ಇಡಿಯಾಗಿ ಎಳೆಯಲ್ಲ. ಕಾಯಿ ತುರಿದು ಕರಟ ಉಳಿಸಿದ ಹಾಗೆ, ಡೈಮಂಡ್ ಬರ್‌ನಿಂದ (ಡ್ರಿಲ್‌ನ ವಜ್ರಪುಡಿಯ ತುದಿ) ಒಳತಿರುಳು ಕೊರೆದು, ಉಳಿದ ತೆಳು ಚಿಪ್ಪನ್ನು ಒಳಮುಖ ಮುರಿದು ಚೂರುಚೂರಾಗಿ ತೆಗೀತಾರೆ. ಬರ್ ಮೇಲೆ ನೀರು ಬೀಳ್ತಲೇ ಇರಬೇಕು. ಬಿಸಿಗೆ ಮೂಳೆ ಸುಟ್ಟರೆ ಮಾಡಿದ ಬಾಯಿ ಮತ್ತೆ ಕೂಡಿಕೊಳ್ಳುತ್ತೆ. ಪೂರ್ತಿ ಸಡಿಲ ಆಗೋ ಮೊದಲೇ ಇಕ್ಕಳ ಹಾಕಿ ಜಗ್ಗಿದ್ರೆ ಹಿಂಗೋಡೆ ಸೀಳಿ ಮಿದುಳಿನ ಪೊರೆ ಹರಿಯಬಹುದು. ಹಾಗಾದ್ರೆ ತೊಡೆಯ ಫೇಶಿಯಾ (ಸ್ನಾಯುವಿನ ಮೇಲಿನ ಪೊರೆ) ಅಥವಾ ಮೂಗಿನ ಒಳಪದರದಿಂದ ಅಲ್ಲೇ ಮುಚ್ಚಬೇಕು.

ನೆತ್ತಿಯ ದಾರಿಯಲ್ಲಿ ಕಿವಿಯಿಂದ ಕಿವಿಗೆ ಕೂದಲೊಳಗೆ ಕೊಯ್ದು, ಹಣೆಮೂಳೆಯನ್ನು ಮುಚ್ಚಳದಂತೆ ತೆರೆದು, ಆಮೇಲೆ ಪ್ಲೇಟ್ ಹಾಕಿ ಕೂರಿಸ್ತಾರೆ. ಎಲ್ಲ ಕಣ್ಣೆದುರೇ ಕಾಣುತ್ತೆ. ಹಣೆ ಜೋಮು ಹಿಡಿಯಬಹುದು. ಮುಂದೆ ಬೋಳಾಗೋ ತಲೆ ಆದ್ರೆ ಗಾಯದ ಗೆರೆಯೂ ಕಾಣುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ವಾರ್ಡ್_ಸಿಸ್ಟರ್
ಆಪರೇಷನ್ ಆದ್ಮೇಲೆ ಮೂರ್ನಾಲ್ಕು ವಾರ ಅಡಿಕೆ ಮೂಟೆ ಎತ್ತೋ ಹಾಗಿಲ್ಲ. ಮೂಗು ಸೀಟಬಾರದು, ಸೀನು ಬಾಯಿ ತೆರೆದೇ ಬರಲಿ. ಮೂಗು ತೊಳೆಯೋಕೆ 240 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು. ಅಬ್ಬಿ ನೀರು, ಬಾವಿ ನೀರು ಎಷ್ಟೇ ತಿಳಿಯಾಗಿದ್ರೂ ಕುದಿಸಿ ಆರಿಸಿಯೇ ಬಳಸಿ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದ್ರೆ ಶೀತ ಅಂತ ಕಷಾಯ ಕುಡಿದು ಕೂರಬೇಡಿ, ಪುಟ್ಟ ಬಾಟಲಿಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಒಯ್ಯಿರಿ, ಮಿದುಳಿನ ಸುತ್ತಲ ದ್ರವ ಸೋರ್ತಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತೆ.

ಇಎನ್‌ಟಿ_ಸಾಗರ
ಒಂದು ಬಿಟ್ಟುಹೋಯ್ತು: ದವಡೆ, ತಲೆಬುರುಡೆಯಲ್ಲೂ ಇಂಥ ಗಡ್ಡೆಗಳಿದ್ರೆ ಗಾರ್ಡ್ನರ್ ಸಿಂಡ್ರೋಮ್ ಇರಬಹುದು, ಅಂದ್ರೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಆಗಬಲ್ಲ ಗಂಟುಗಳು ಬೆಳೆಯೋ ವಂಶವಾಹಿ ಕಾಯಿಲೆ. ಆಗ ಕೊಲೊನೋಸ್ಕೋಪಿ (ದೊಡ್ಡ ಕರುಳಿನ ದುರ್ಬೀನು ಪರೀಕ್ಷೆ) ಮೊದಲು.