ಮಗನಿಗೆ ಕೊಟ್ಟಿರೋ ಪಾತ್ರ ನೋಡಿ ನಿದ್ದೆ ಬರ್ತಿಲ್ಲ, ಏನ್ ಮಾಡ್ಲಿ?

ಬಾಗೇಪಲ್ಲಿ ಹುಡುಗಿ, ಟೆಕ್ಸಾಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ.

ಇಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಮಕ್ಕಳ ಕೈಲಿ ಹದಿನೈದು ನಿಮಿಷದ ಹಾಸ್ಯ ನಾಟಕ ಮಾಡಿಸ್ತಿದ್ದಾರೆ. ನನ್ನ ಮಗನಿಗೆ ಹನ್ನೊಂದು ವರ್ಷ. ಅವನಿಗೆ ಸಿಕ್ಕಿರೋದು ಕೆಲಸದ ಮುನಿಯಮ್ಮನ ಪಾತ್ರ. ಟಿವಿ ಕಾಮಿಡಿ ಶೋಗಳಲ್ಲಿ ಬರುತ್ತಲ್ಲ, ಅದೇ ಥರ. ಗಂಡು ಹುಡುಗನಿಗೆ ಸೀರೆ, ಸೊಂಟಕ್ಕೆ ದಿಂಬು, ಮುಖಕ್ಕೆ ಕಪ್ಪು ಬಣ್ಣ. ಅಷ್ಟನ್ನೂ ಹೇಗೋ ನುಂಗಿಕೊಂಡೆ. ಆದರೆ ಮುನಿಯಮ್ಮ ಬಾಯಿ ತೆಗೆದಾಗಲೆಲ್ಲ ಜನ ನಗಬೇಕು, ಯಾಕಂದ್ರೆ ಅವಳದು ಅರ್ಧ ತೆಲುಗು ಅರ್ಧ ಕನ್ನಡ. "ಅಮ್ಮಗಾರೂ, ನೀಳ್ಳು ಬಂದಿಲ್ಲ, ನಾನೇಂ ಚೇಸ್ಲಿ?" ಇದು ಅವನ ಮೊದಲ ಡೈಲಾಗ್.

ಮೊನ್ನೆ ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಜ್ಜಿಗೆ ಪೂರ್ತಿ ಮಾಡಿ ತೋರಿಸಿದ. ನಮ್ಮಮ್ಮ ಕಡಲೆಕಾಯಿ ಸುಲೀತಾ ಕೂತಿದ್ರು. ಚೆನ್ನಾಗಿ ನಕ್ಕರು. "ಯಾರ ಥರ ಮಾತಾಡ್ತಿದ್ದೀಯೋ ಬಂಗಾರು?" ಅಂದ್ರು. "ನಿನ್ ಥರಾನೇ ಅಜ್ಜಿ! ನಿಮ್ಮಜ್ಜಿ ಮಾತಾಡೋದನ್ನ ಸರಿಯಾಗಿ ಕೇಳಿಸ್ಕೊಂಡು ಬಾ ಅಂತ ಸರ್ ಹೇಳಿದ್ದಾರೆ" ಅಂದ. ಅಮ್ಮನ ಕೈ ಹಾಗೇ ನಿಂತುಹೋಯ್ತು. ಆಮೇಲೆ ನೆಟ್‌ವರ್ಕ್ ಸರಿಯಿಲ್ಲ ಅಂತ ಕಟ್ ಮಾಡಿದ್ರು. ನೆಟ್‌ವರ್ಕ್ ಚೆನ್ನಾಗೇ ಇತ್ತು.

ನಮ್ಮದು ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಹಾಗೇ ಅಂತ ಈ ಗುಂಪಿನವರಿಗೆ ಹೇಳಬೇಕಾಗಿಲ್ಲ. ಶನಿವಾರ ರಿಹರ್ಸಲ್ ಇದೆ. ಮಗನನ್ನ ಬಿಡಿಸ್ಲಾ? ಸುಮ್ನಿರ್ಲಾ? ನಾಟಕ ಬರೆದವರು ಹಿರಿಯರು. ನಾವು ಈ ಊರಿಗೆ ಬಂದಾಗ ಮೊದಲ ಒಂದು ವಾರ ಅವರ ಮನೆಯಿಂದಲೇ ಊಟ ಬಂದಿತ್ತು. ಅವರ ಎದುರು ನಿಂತು ಹೇಗೆ ಹೇಳೋದು?

ತಿಪಟೂರು ಕೊಬ್ಬರಿ, ಲಂಡನ್

ಮೇಡಂ, ಇಷ್ಟಕ್ಕೆಲ್ಲ ನಿದ್ದೆ ಕೆಡಿಸ್ಕೊಂಡ್ರೆ ಹೆಂಗೆ? ಕಾಮಿಡಿ ಅಂದ್ಮೇಲೆ ಯಾರನ್ನಾದ್ರೂ ಆಡ್ಕೋಬೇಕಲ್ವಾ. ಹಾಸ್ಯ ಚಕ್ರವರ್ತಿ ನರಸಿಂಹರಾಜು ನಮ್ಮ ತಿಪಟೂರಿನವರು, 1923ರಲ್ಲಿ ಹುಟ್ಟಿದ್ದು. ಗುಬ್ಬಿ ಕಂಪನಿ ನಾಟಕದಲ್ಲಿ ಪಳಗಿ, 1954ರಲ್ಲಿ ಬೇಡರ ಕಣ್ಣಪ್ಪದಲ್ಲಿ ರಾಜಣ್ಣನ ಜೊತೆ ಬಂದ್ರು. ಅವರು ಹಲ್ಲು ಬಿಟ್ರೆ ಸಾಕು, ಟೆಂಟ್ ಪೂರ್ತಿ ಬಿದ್ದು ಬಿದ್ದು ನಗ್ತಿತ್ತು ಅಂತ ನಮ್ಮ ತಾತ ಸಾಯೋವರೆಗೂ ಹೇಳ್ತಿದ್ರು. ಆ ಕಾಲದ ಜನ ಈಗಿನವರ ಥರ ಮಾತುಮಾತಿಗೂ ಮುಖ ಊದಿಸ್ಕೊಳ್ತಿರ್ಲಿಲ್ಲ. ಗುಬ್ಬಿ ವೀರಣ್ಣ, ನರಸಿಂಹರಾಜು ಇಬ್ಬರೂ ನಮ್ಮ ಜಿಲ್ಲೆಯವರೇ, ಅದನ್ನ ಮೊದಲು ಮಕ್ಕಳಿಗೆ ಹೇಳಿಕೊಡಿ.

ಚಿಂತಾಮಣಿ ಟೊಮೆಟೊ, ಟೊರೊಂಟೊ

ತಿಪಟೂರಣ್ಣ, ಅವರು ತಮ್ಮ ಹಲ್ಲು ತೋರಿಸಿ ನಗಿಸಿದ್ರು. ಈ ಹುಡುಗನಿಗೆ ಅಜ್ಜಿ ಬಾಯಿ ಕಡ ತಂದುಕೊಟ್ಟಿದ್ದಾರೆ. ಎರಡೂ ಒಂದೇನಾ?

ಬಾಗೇಪಲ್ಲಿ ಅಕ್ಕ, ನಮಗೂ ಎರಡು ವರ್ಷದ ಹಿಂದೆ ಹೀಗೇ ಆಗಿತ್ತು. ನಾನು ಮಾಡಿದ್ದು ಹೇಳ್ತೀನಿ. ಎಲ್ಲರ ಮುಂದೆ ಮಾತೆತ್ತಬೇಡಿ, ರಿಹರ್ಸಲ್‌ಗೆ ಮುಂಚೆ ಬರೆದವರ ಮನೆಗೇ ಹೋಗಿ. ಬರೀ ಕೈಲಿ ಹೋಗಬೇಡಿ, ಒಂದು ಡಬ್ಬ ಚಕ್ಕುಲಿ ಇರಲಿ. ಪೂರ್ತಿ ಸ್ಕ್ರಿಪ್ಟ್ ಕೇಳಿ ತಗೊಳ್ಳಿ. ತಪ್ಪು ಅನ್ನಬೇಡಿ, "ಈ ನಾಲ್ಕು ಸಾಲು ನಾನು ಬರೆದುಕೊಡ್ತೀನಿ, ನಮ್ಮ ಕಡೆ ಮಾತು ಹೀಗಿರಲ್ಲ" ಅನ್ನಿ. ಬೇರೆ ಸಾಲು ಕೈಗಿಟ್ರೆ ಬೇಡ ಅನ್ನೋರು ಕಮ್ಮಿ. ಮಗನಿಗೆ ಆ ಪಾತ್ರ ಬೇಕಾ ಅಂತ ಮೊದಲು ಅವನನ್ನೇ ಕೇಳಿ.

ಶಿರಾ ಅಂಕಲ್, ಕ್ಯಾಲಿಫೋರ್ನಿಯಾ

ನಾನು 1996ರಲ್ಲಿ ಬಂದಾಗ ವಾರಗಟ್ಟಲೆ ಕನ್ನಡ ಕಿವಿಗೆ ಬೀಳ್ತಿರ್ಲಿಲ್ಲ. ಈಗ ಮಗು ಸ್ಟೇಜ್ ಹತ್ತಿ ಕನ್ನಡ ಮಾತಾಡ್ತಿದೆ, ಅದಕ್ಕೆ ಸಂತೋಷಪಡಮ್ಮ. ಪ್ರತಿ ಬೇಸಿಗೆ ಎರಡು ತಿಂಗಳು ಊರಿಗೆ ಕಳಿಸಿ, ಎಲ್ಲಾ ಸರಿಹೋಗುತ್ತೆ. ನನ್ನ ಮಕ್ಕಳಿಬ್ಬರನ್ನೂ ಕಳಿಸಿದ್ದೆ. ದೊಡ್ಡವಳು ಇವತ್ತಿಗೂ ಮುದ್ದೆ ಮುರಿಯೋದು ಕೈಯಲ್ಲೇ.

ಮುಳಬಾಗಿಲು ಅಮ್ಮ, ಸಿಂಗಪುರ

ಓದಿ ಹೊಟ್ಟೆಗೆ ಒಂಥರಾ ಆಯ್ತು. ಪ್ರಶ್ನೆಗೆ ಉತ್ತರ ನನ್ನ ಹತ್ರ ಇಲ್ಲಮ್ಮ, ನನ್ನ ಕಥೆ ಹೇಳ್ತೀನಿ. ನಮ್ಮ ಮಗಳು ಅವರಪ್ಪನ ಬಣ್ಣ, ಕಪ್ಪು. ರಾತ್ರಿ ಊಟ ಮಾಡ್ತಾ ಮನೆಯವರೆಲ್ಲ ಕಾಮಿಡಿ ಶೋ ನೋಡ್ತಿದ್ವಿ, ಕನ್ನಡ ಬರಲಿ ಅಂತ. ಅದರಲ್ಲಿ ಕಪ್ಪಗಿರೋ ಹುಡುಗಿಗೆ "ಕರೆಂಟ್ ಹೋದ್ರೆ ಕಾಣಲ್ಲ" ಅನ್ನೋ ಜೋಕು ಎಷ್ಟು ಸಲ ಬಂದಿದೆಯೋ. ನಾನು ಪ್ರತಿ ಸಲ ನಕ್ಕಿದ್ದೀನಿ. ಈಗ ಅವಳಿಗೆ ಹತ್ತೊಂಬತ್ತು. ಒಂದಿನ ಕೇಳಿದೆ, ಯಾಕೆ ನನ್ ಜೊತೆ ಕನ್ನಡ ಟಿವಿ ನೋಡಲ್ಲ ಅಂತ. "ಅಮ್ಮ, ನೀನು ನಗೋವಾಗ ನನ್ನ ಕಡೆ ತಿರುಗಿ ನೋಡ್ತಿರ್ಲಿಲ್ಲ" ಅಂದಳು. ಮುಂದಕ್ಕೆ ಏನೂ ಹೇಳಲಿಲ್ಲ.

ಅಪ್ಪ ಮಧುಗಿರಿ, ನಾನು ನ್ಯೂಜೆರ್ಸಿ

ನನ್ನ ಕನ್ನಡ ತಪ್ಪಿದ್ರೆ ಕ್ಷಮಿಸಿ, ಹುಟ್ಟಿದ್ದು ಇಲ್ಲೇ. ಸಿಂಪ್ಸನ್ಸ್ ಕಾರ್ಟೂನಲ್ಲಿ ಅಪು ಅಂತ ಅಂಗಡಿಯವನು ಬರ್ತಾನೆ. ಸ್ಕೂಲ್ ಬಸ್ಸಲ್ಲಿ ನನ್ನ ಹೆಸರೇ ಅಪು ಆಗಿತ್ತು. ಆ ಧ್ವನಿ ಕೊಟ್ಟಿದ್ದು ಹ್ಯಾಂಕ್ ಅಜಾರಿಯಾ, ಅವರು ಭಾರತದವರಲ್ಲ. 2017ರಲ್ಲಿ ಅದರ ಬಗ್ಗೆ ಒಂದು ಡಾಕ್ಯುಮೆಂಟರಿ ಬಂತು, 2020ರಲ್ಲಿ ಅವರು ಇನ್ನು ಆ ಧ್ವನಿ ಮಾಡಲ್ಲ ಅಂದ್ರು. ಆವತ್ತು ನಮ್ಮಪ್ಪ ಊಟದ ಟೇಬಲ್‌ನಲ್ಲಿ ಭಾಷಣನೇ ಮಾಡಿದ್ರು, ನಮ್ಮ ಮಾತನ್ನ ಹೆಂಗೆ ಅಣಕಿಸ್ತಾರೆ ಇವರು ಅಂತ. ಅದೇ ಅಪ್ಪ ಸಂಘದ ನಾಟಕದಲ್ಲಿ ಹುಬ್ಬಳ್ಳಿಯವರ ಥರ ಮಾತಾಡಿ ಪ್ರೈಜ್ ತಗೊಂಡಿದ್ದಾರೆ. ಕಪ್ ಇನ್ನೂ ಶೋಕೇಸಲ್ಲಿದೆ.

ಕೋಲಾರಮ್ಮನ ಕೆರೆ, ಮೆಲ್ಬೋರ್ನ್

ಎಲ್ಲರೂ ಭಾಷೆ, ಬಣ್ಣ ಅಂತ ಸುತ್ತಿ ಬಳಸಿ ಹೋಗ್ತಿದ್ದೀರ. ಹೆಸರು ನೋಡಿ. ಮುನಿಯಮ್ಮ. ಆ ನಾಟಕದ ಮನೆ ಯಜಮಾನಿ ಹೆಸರೇನು ಅಂತ ಕೇಳಿ ನೋಡಿ, ಬೆಟ್ ಕಟ್ತೀನಿ, ಮುನಿಯಮ್ಮ ಅಂತೂ ಅಲ್ಲ. ಮುನಿಯಮ್ಮ ಅಂದ ತಕ್ಷಣ ನಮ್ಮ ಕಡೆಯವರ ಕಣ್ಣಿಗೆ ಯಾವ ಕೇರಿ ಬರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮಜ್ಜಿ ಹೆಸರು ಮುನಿಯಮ್ಮ.

ಬೆಂಗಳೂರಲ್ಲಿ ಮೊದಲ ಕೆಲಸ ಸಿಕ್ಕಾಗ ಮನೆ ಹುಡುಕ್ತಿದ್ದೆ. "ಯಾವ ಪೈಕಿ?" "ಕೋಲಾರ ಸರ್." "ಅದು ಊರಪ್ಪಾ. ಪೈಕಿ?" ಹನ್ನೊಂದು ಮನೆ ಸುತ್ತಿದೆ. ಇಲ್ಲಿಗೆ ಬಂದ್ಮೇಲೆ ಪ್ರಶ್ನೆ ಸ್ವಲ್ಪ ನಯವಾಯ್ತು, ಅಷ್ಟೇ. ಮೊದಲ ಪಾಟ್‌ಲಕ್‌ನಲ್ಲೇ (ಮನೆಗೊಂದು ಅಡುಗೆ ಮಾಡಿ ತಂದು ಹಂಚ್ಕೊಂಡು ತಿನ್ನೋ ಊಟ) ಒಬ್ಬರು ಪುಳಿಯೋಗರೆ ಬಡಿಸ್ತಾ "ನಿಮ್ಮ ಮನೆದೇವರು ಯಾವುದು?" ಅಂದ್ರು. ಹೇಳಿದೆ. ಮುಂದಿನ ಪಾಟ್‌ಲಕ್‌ಗೆ ನಮ್ಮ ಪಾಲಿಗೆ ಬಂದಿದ್ದು ಪೇಪರ್ ಪ್ಲೇಟು, ಲೋಟ. ಅಡುಗೆ ಅಲ್ಲ. ಆಮೇಲೂ ಅದೇ.

ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಅದೇ ವರ್ಷ ಅಕ್ಟೋಬರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಅಂಥದ್ದೇ ಮಸೂದೆಯನ್ನ ತಡೆದ್ರು, ಇರೋ ಕಾನೂನೇ ಸಾಕು ಅಂತ. ಆವತ್ತು ಈ ಗುಂಪಲ್ಲಿ ಯಾರ್ಯಾರು ಲಾಡು ಫೋಟೋ ಹಾಕಿದ್ರಿ ಅಂತ ನನಗಿನ್ನೂ ನೆನಪಿದೆ. ನಾಲ್ಕು ಸಾಲು ತಿದ್ದಿದ್ರೆ ಆಗಲ್ಲ ಅಕ್ಕ. ಮಗನನ್ನ ಬಿಡಿಸಿ, ಆ ಸಂಘಾನೂ ಬಿಡಿ.

ತಿಪಟೂರು ಕೊಬ್ಬರಿ

ಒಂದು ಹೆಸರಲ್ಲೂ ಜಾತಿ ಹುಡುಕೋದಾದ್ರೆ ಇನ್ನು ನಾಟಕದವರು ಪಾತ್ರಕ್ಕೆ ನಂಬರ್ ಕೊಡಬೇಕಾಗುತ್ತೆ. ಒಂದನೇ ನಂಬರ್, ಎರಡನೇ ನಂಬರ್.

ಕೋಲಾರಮ್ಮನ ಕೆರೆ

ಹುಡುಕೋ ಕಷ್ಟ ನಿಮಗಿಲ್ಲ ಅಣ್ಣ. ನಮಗೆ ಹುಡುಕದೇನೇ ಸಿಗುತ್ತೆ.

ಶಿರಾ ಅಂಕಲ್

ದಯವಿಟ್ಟು ರಾಜಕೀಯ ಬೇಡ. ನಾವು ಬಂದ ಕಾಲಕ್ಕೆ ಹನ್ನೆರಡು ಮನೆ ಕನ್ನಡದವರಿದ್ವಿ, ಯಾರೂ ಯಾರ ಜಾತೀನೂ ಕೇಳಿದ್ದಿಲ್ಲ.

ಕೋಲಾರಮ್ಮನ ಕೆರೆ

ಹನ್ನೆರಡು ಮನೆಯಲ್ಲಿ ಎಷ್ಟು ಮನೆ ನಿಮ್ಮವರೇ ಇದ್ರು ಸರ್?

ಶಿರಾ ಅಂಕಲ್

ಅದಕ್ಕೂ ಇದಕ್ಕೂ ಏನು ಸಂಬಂಧ? ಅದಕ್ಕೇ ಹೇಳೋದು, ಮಕ್ಕಳನ್ನ ಬೇಸಿಗೆಗೆ ಊರಿಗೆ ಕಳಿಸಿ, ಅಲ್ಲಿ ಎಲ್ಲರ ಜೊತೆ ಬೆರೀತಾರೆ.

ಅಪ್ಪ ಮಧುಗಿರಿ, ನಾನು ನ್ಯೂಜೆರ್ಸಿ

ಅಂಕಲ್, ನಾನು ಒಂಬತ್ತು ಬೇಸಿಗೆ ಹೋಗಿದ್ದೀನಿ. ತೋಟಕ್ಕೆ ಬರ್ತಿದ್ದ ಹುಡುಗರ ಜೊತೆ ಕ್ರಿಕೆಟ್ ಆಡಬಹುದಿತ್ತು. ನೀರು ಕುಡಿಯೋಕೆ ಅವರು ಮನೆ ಒಳಗೆ ಬರೋ ಹಾಗಿರ್ಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜಿ ನನ್ನ ಕೈಗೆ ನಿಪ್ಪಟ್ಟು ಕೊಟ್ಟು ಸುಮ್ಮನಾಗಿಸಿದ್ರು.

ಗೌರಿಬಿದನೂರು ರೈಲು, ದುಬೈ

ಚರ್ಚೆ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನವೆಂಬರಲ್ಲಿ ಊರಿಂದ ಬರೋರು ಯಾರಾದ್ರೂ ಇದ್ರೆ ಎರಡು ಕೆಜಿ ರಾಗಿ ಹಿಟ್ಟು ತರ್ತೀರಾ? ಇಲ್ಲಿ ಸಿಗೋದು ಗಂಟು ಕಟ್ಟುತ್ತೆ.

ಕೊರಟಗೆರೆ, ಡಬ್ಲಿನ್

ಯಾರೋ ಟಿವಿ ಕಾಮಿಡಿ ಅಂದ್ರಲ್ಲ, ಮೊದಲೆಲ್ಲ ಚೆನ್ನಾಗಿತ್ತು ಅನ್ನೋದೂ ಪೂರ್ತಿ ನಿಜ ಅಲ್ಲ. ಪಾಪ ಪಾಂಡು ಧಾರಾವಾಹಿಯಲ್ಲಿ ಹೆಂಡತಿ ಗಂಡನಿಗೆ ಹೊಡೆಯೋದೇ ತಮಾಷೆ ಆಗಿತ್ತು, ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೀವಿ. ಈಗ ನೋಡಿದ್ರೆ ನಗು ಬರುತ್ತೆ, ಜೊತೆಗೆ ಪಕ್ಕದಲ್ಲಿ ಮಕ್ಕಳಿದ್ದಾರಾ ಅಂತ ತಿರುಗಿ ನೋಡ್ತೀನಿ.

ಚಿಂತಾಮಣಿ ಟೊಮೆಟೊ

ಬಾಗೇಪಲ್ಲಿ ಅಕ್ಕ ಇನ್ನೂ ಇದ್ದೀರಾ? ನಾಳೆ ಶನಿವಾರ. ನಾನು ಬರೆದಿದ್ದು ತುಂಬಾ ಮೇಲೆ ಹೋಗಿಬಿಟ್ಟಿದೆ, ಒಂದ್ಸಲ ನೋಡಿ.

ಬಾಗೇಪಲ್ಲಿ ಹುಡುಗಿ

ನೋಡಿದೆ ತಂಗಿ. ನಿನ್ನೆ ಸಂಜೆ ಹೋಗಿದ್ದೆ. ಚಕ್ಕುಲಿ ಬರಲ್ಲ ನನಗೆ, ಕೋಡುಬಳೆ ತಗೊಂಡು ಹೋದೆ. ಸರ್ ಬೇಜಾರು ಮಾಡ್ಕೊಳ್ಳಲಿಲ್ಲ. "ಜನ ನಗಬೇಕಲ್ಲಮ್ಮ, ನೀನೇ ಬರ್ಕೊಂಡು ಬಾ" ಅಂದ್ರು. ಕೋಲಾರದ ಅಣ್ಣ ಹೇಳಿದ್ದು ಮನಸ್ಸಲ್ಲಿತ್ತು, ಯಜಮಾನಿ ಹೆಸರು ಕೇಳಿದೆ. ವೈಷ್ಣವಿ. ಕೆಲಸದವಳ ಹೆಸರು ಬದಲಾಯಿಸಿ ಅಂದೆ, ಅದಕ್ಕೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೋಡೋಣ ಅಂದಿದ್ದಾರೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಆ ಸಾಲು ಓದಿದೆ. "ನಾನ್ಯಾವತ್ತೇ 'ಚೇಸ್ಲಿ' ಅಂದಿದ್ದೀನಿ? ಕನ್ನಡ ಬಂದ್ರೆ ಕನ್ನಡ, ತೆಲುಗು ಬಂದ್ರೆ ತೆಲುಗು, ಹಂಗೆ ಕಲಸಿ ಯಾರ್ ಮಾತಾಡ್ತಾರೆ?" ಅಂತ ಬೈದ್ರು. ಯಾಕೆ ತಡ ಅಂತ ಯಜಮಾನಿ ಕೇಳೋ ಜಾಗಕ್ಕೆ ಅವರೇ ಒಂದು ಮಾತು ಕೊಟ್ಟರು: "ಗಡಿಯಾರ ನಿಮ್ದು, ನಡಿಗೆ ನಂದು ಕಣಮ್ಮ." ಪಕ್ಕದಲ್ಲಿದ್ದ ಮಗ, ಇದಕ್ಕೆ ಯಾರೂ ನಗಲ್ಲ ಅಜ್ಜಿ ಅಂದ. "ನಗದೇ ಇದ್ರೆ ನಿಲ್ಸಿ ಇನ್ನೊಂದ್ಸಲ ಹೇಳು" ಅಂದ್ರು ಅಮ್ಮ. ಬೆಳಗ್ಗೆಯಿಂದ ಕನ್ನಡಿ ಮುಂದೆ ಅದನ್ನೇ ಹೇಳ್ಕೊಂಡು ಓಡಾಡ್ತಿದ್ದಾನೆ.

ಕಪ್ಪು ಬಣ್ಣ ಮಾತ್ರ ಬಿಡಲ್ಲ ಅಂತಿದ್ದಾರೆ ಮೇಕಪ್ ಮಾಡೋ ಆಂಟಿ, ಡಬ್ಬಿ ಆಗಲೇ ತರಿಸಿ ಆಗಿದೆಯಂತೆ. ಆ ಜಗಳ ಮುಂದಿನ ವಾರಕ್ಕೆ.