ಅಪ್‌ಡೇಟ್: ತಂಗಿಯ ಮುಟ್ಟಿನ ನೋವಿಗೆ ಕಾರಣ ಸಿಕ್ಕಿತು

ಮುಟ್ಟಿನ ದಿನಗಳಲ್ಲಿ ತಂಗಿಗೆ ಎದ್ದು ನಿಲ್ಲಲಾಗದಷ್ಟು ನೋವು ಬರುತ್ತದೆ, ಏನು ಮಾಡಲಿ ಎಂದು ಬದಿಯಡ್ಕದಿಂದ ಕೇಳಿದ್ದೆ. ಜೀರಿಗೆ ಕಷಾಯದಿಂದ ಏನೂ ಆಗಲಿಲ್ಲ; ಬಿಸಿನೀರಿನ ಚೀಲದಿಂದ ಅರ್ಧ ಗಂಟೆಯ ಸಮಾಧಾನವಷ್ಟೇ ಸಿಕ್ಕಿತು. ನೋವಿನ ದಿನಗಳನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ ಎಂದು ಇಲ್ಲಿ ಉತ್ತರಿಸಿದ ಅಕ್ಕನ ಸಲಹೆಯೇ ಫಲಿಸಿತು. ಅಡುಗೆಮನೆಯ ಕ್ಯಾಲೆಂಡರಿನ ಹಿಂದಿನ ಮೂರು ಹಾಳೆಗಳಲ್ಲಿ ಕೆಂಪು ಪೆನ್ನಿನಿಂದ ಹಾಕಿದ ಗುರುತುಗಳನ್ನೂ, ಆ ದಿನಗಳಲ್ಲಿ ಮಲವಿಸರ್ಜನೆಯ ವೇಳೆ ನೋವಾಗುತ್ತದೆಂಬ ಟಿಪ್ಪಣಿಯನ್ನೂ ನೋಡಿದ ಮಂಗಳೂರಿನ ವೈದ್ಯೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದೆಂದರು. ಹೊಸ ಸ್ಕ್ಯಾನಿನಲ್ಲಿ ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಈ ರೋಗದಿಂದಾಗುವ ಹಳೆಯ ರಕ್ತ ತುಂಬಿದ ಗುಳ್ಳೆ, ಕಂಡಿತು. ಹಳೆಯ ಸ್ಕ್ಯಾನ್ ಸರಿಯಾಗಿಯೇ ಇತ್ತಲ್ಲ ಎಂದೆ. ಸ್ಕ್ಯಾನ್ ಸರಿಯಿದ್ದರೂ ರೋಗ ಇರಬಹುದು, ನೋವು ಹೆಚ್ಚಿದ್ದರೆ ರೋಗವೂ ಹೆಚ್ಚೆಂದು ಅರ್ಥವಲ್ಲ ಎಂದರು, ಅದೇ ನನಗೆ ಆಶ್ಚರ್ಯ. ಸದ್ಯ ಶಸ್ತ್ರಚಿಕಿತ್ಸೆ ಬೇಡವೆಂದು ದಿನಕ್ಕೆ 2 ಮಿಲಿಗ್ರಾಂ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಆರಂಭಿಸಿದ್ದಾರೆ. ಮೊದಲ ತಿಂಗಳುಗಳಲ್ಲಿ ಆಗಾಗ ರಕ್ತದ ಕಲೆ ಕಾಣಿಸಬಹುದಂತೆ.